ಫ್ರಿಜ್ಜಿನೊಳಗಿನ ಆಮೆ

ಚಳಿಗಾಲದ ಮೂರು ತಿಂಗಳು ದಿನಕ್ಕೊಮ್ಮೆ ನಾನು ಒಂದು ಪುಟ್ಟ ಫ್ರಿಜ್ಜಿನ ಬಾಗಿಲು ತೆರೆದು, ನಿಧಾನವಾಗಿ ಇಪ್ಪತ್ತರವರೆಗೆ ಎಣಿಸಿ, ಮತ್ತೆ ಮುಚ್ಚುತ್ತೇನೆ. ತೆರೆದ ಕೂಡಲೇ ಒಂದು ವಾಸನೆ ಬರುತ್ತದೆ. ತಣ್ಣಗಾದ ಮಣ್ಣು, ಚೂರುಚೂರು ಮಾಡಿದ ಹಳೆಯ ಕಾಗದ, ಅದರ ಕೆಳಗೆಲ್ಲೋ ಒಣಹುಲ್ಲು. ಆ ಫ್ರಿಜ್ಜಿನಲ್ಲಿ ಹಾಲಿಲ್ಲ, ಮೊಸರಿಲ್ಲ, ನಿನ್ನೆಯ ಸಾರೂ ಇಲ್ಲ. ಒಂದು ಆಮೆ ಮಲಗಿದೆ. ಇಲ್ಲಿ ಆಮೆ ಸಾಕುವವರಲ್ಲಿ ಅನೇಕರು ಚಳಿಗಾಲಕ್ಕೆ ಅದನ್ನು ಪೆಟ್ಟಿಗೆಯಲ್ಲಿಟ್ಟು ಹೀಗೆ ಮಲಗಿಸುತ್ತಾರೆ. ಹೊರಗಿನ ಚಳಿ ಒಂದು ದಿನ ಇದ್ದಂತೆ ಇನ್ನೊಂದು ದಿನ ಇರುವುದಿಲ್ಲ, ಫ್ರಿಜ್ಜಿನದು ನಂಬಿಕಸ್ತ ಚಳಿ. ಒಳಗೆ ಹೊಸ ಗಾಳಿ ಹೋಗಲೆಂದು ದಿನಕ್ಕೊಮ್ಮೆ ಬಾಗಿಲು ತೆರೆಯಬೇಕು, ಅಷ್ಟೆ. ಲೀಡ್ಸ್‌ನ ನನ್ನ ಬಾಡಿಗೆ ಮನೆಗೆ ಬರುವ ಗೆಳತಿಯರು ಇದನ್ನು ಕಂಡು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ನಾನೂ ಅವರ ಜೊತೆ ನಗುತ್ತೇನೆ. ಆದರೆ ಒಬ್ಬಳೇ ಇರುವಾಗ ಆ ವಾಸನೆ ಮೂಗಿಗೆ ಬಡಿದರೆ ನನಗೆ ಮತ್ತೆ ಒಂಬತ್ತು ವರ್ಷ, ಮ್ಯಾಂಚೆಸ್ಟರಿನ ವಿದನ್‌ಶಾದ ನಮ್ಮ ಮನೆಯ ಫೋನು ಈಗ ಬಡಿದುಕೊಳ್ಳುತ್ತದೆ ಎಂದು ಕಿವಿ ಕಾಯತೊಡಗುತ್ತದೆ.

ಆ ಮನೆ ಈಗ ಬೇರೆ ಯಾರದೋ. ಕೆಂಪು ಇಟ್ಟಿಗೆಯ ಸಾಲುಮನೆಗಳಲ್ಲಿ ಅದೊಂದು. ಮೇಲೆ ವಿಮಾನಗಳು ಎಷ್ಟು ಕೆಳಗೆ ಹಾರುತ್ತಿದ್ದವೆಂದರೆ ಮಾತಿನ ನಡುವೆ ನಿಲ್ಲಿಸಿ, ಅವು ಹೋದಮೇಲೆ ಅದೇ ಮಾತನ್ನು ಮುಂದುವರಿಸುವುದು ನಮಗೆಲ್ಲ ರೂಢಿಯಾಗಿತ್ತು. ಅಪ್ಪ ವಿಮಾನ ನಿಲ್ದಾಣದಲ್ಲಿ ಎಂಜಿನಿಯರ್. ಅವರ ಪಾಳಿಗಳ ಪಟ್ಟಿ, ರೋಟಾ, ಫ್ರಿಜ್ಜಿನ ಮೇಲೆ ಅಂಟಿಸಿರುತ್ತಿತ್ತು, ನಮ್ಮ ಊಟ ನಿದ್ದೆಗಳೆಲ್ಲ ಅದರ ಪ್ರಕಾರ. ಅಮ್ಮನಿಗೆ ಆಗ ಏಳನೆಯ ತಿಂಗಳು. ಬಾಣಂತನಕ್ಕೆಂದು ಗದಗಿನ ಕಡೆಯಿಂದ ಅಪ್ಪನ ತಾಯಿ ಆರು ತಿಂಗಳ ವೀಸಾದ ಮೇಲೆ ಬಂದಿದ್ದರು. ಅಜ್ಜಿ ಬಂದದ್ದು ಒಂದು ಕೌದಿ, ಒಂದು ಎಲೆಅಡಿಕೆ ಸಂಚಿ, ಮತ್ತು ಯಾರಿಗೂ ಹೆದರದ ಗಂಟಲು ತೆಗೆದುಕೊಂಡು. ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದವಳು ಮಾರ್ಲೀನ್. ನಲವತ್ತು ದಾಟಿದ ಹೆಂಗಸು, ಕೆನಡಾದ ಒಂದು ದೊಡ್ಡ ಸರೋವರದ ದಂಡೆಯವಳು, ಒಜಿಬ್ವೆ ಎಂಬ ಮೂಲನಿವಾಸಿ ಜನದವಳು, ಮ್ಯಾಂಚೆಸ್ಟರಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದಳು. ಅಜ್ಜಿಯ ಬಾಯಲ್ಲಿ ಅವಳು ಮೊದಲ ದಿನವೇ ಮಾಲಿನಿಯಾದಳು, ಕೊನೆಯವರೆಗೂ ಮಾಲಿನಿಯಾಗಿಯೇ ಉಳಿದಳು.

ಮಾರ್ಲೀನಳ ತಾಯಿಯನ್ನು ಚಿಕ್ಕಂದಿನಲ್ಲಿ ದೂರದ ವಸತಿ ಶಾಲೆಗೆ ಎಳೆದೊಯ್ದು, ಸ್ವಂತ ಭಾಷೆ ಆಡಿದರೆ ಹೊಡೆಯುತ್ತಿದ್ದರಂತೆ. ಆ ತಾಯಿ ಮಗಳಿಗೆ ಒಂದು ಮಾತೂ ಕಲಿಸಲಿಲ್ಲ. ಹಾಗಾಗಿ ಮಾರ್ಲೀನ್ ತನ್ನ ಭಾಷೆಯನ್ನು ಮೂವತ್ತರ ಮೇಲೆ, ಪುಸ್ತಕ ಮತ್ತು ಧ್ವನಿಮುದ್ರಣ ಇಟ್ಟುಕೊಂಡು, ಪಾತ್ರೆ ತೊಳೆಯುತ್ತ ಕಲಿತವಳು. ಸಿಂಕಿನ ಮುಂದೆ ನಿಂತು ಒಂದೊಂದೇ ಪ್ರಾಣಿಯ ಹೆಸರು ಹೇಳುತ್ತಿದ್ದಳು: ಮಕ್ವಾ ಅಂದರೆ ಕರಡಿ; ಅಮಿಕ್ ಅಂದರೆ ನೀರುನಾಯಿಯ ಹಾಗಿರುವ ಬೀವರ್; ಮಿಕಿನಾಕ್ ಅಂದರೆ ಆಮೆ. ಅವರಲ್ಲಿ ಪ್ರತಿ ಪ್ರಾಣಿಯೂ ಮನುಷ್ಯನಿಗೆ ಒಂದು ಗುಣ ಕಲಿಸಲು ಬಂದದ್ದು. ಕರಡಿ ಧೈರ್ಯ, ಬೀವರ್ ವಿವೇಕ, ಆಮೆ ಸತ್ಯ. ಸತ್ಯಕ್ಕೆ ಅವರ ಮಾತು ಡೆಬ್ವೇವಿನ್. ಅದರ ಅರ್ಥ ಎದೆಯ ಸದ್ದು ಎಂದು ಅವರ ಹಿರಿಯರು ಹೇಳುತ್ತಿದ್ದರಂತೆ. ನಾನೋ, ಅಜ್ಜಿ ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಹುಡುಗಿ. ಹೊಡೆಯುವವರಿಲ್ಲದೆಯೇ ಬಾಯಿ ಮುಚ್ಚಿಕೊಂಡವಳು.

ಅಜ್ಜಿಗೂ ಮಾರ್ಲೀನಳಿಗೂ ಒಂದೇ ಬಂಧ, ಅದು ಆಮೆಯದು. ಮಾರ್ಲೀನಳ ಜನರಲ್ಲಿ ಒಂದೊಂದು ಕುಲಕ್ಕೂ ಒಂದು ಪ್ರಾಣಿ; ಅವಳದು ಆಮೆ. ನಾನು ಅದನ್ನು ಅರೆಬರೆ ಕನ್ನಡದಲ್ಲಿ ಅಜ್ಜಿಗೆ ಹೇಳಿದಾಗ, ಅಡಿಕೆ ಕತ್ತರಿಸುತ್ತಿದ್ದ ಅಜ್ಜಿಯ ಕೈ ನಿಂತಿತು. "ನಮ್ಮದೂ ಆಮಿ ಬೆಡಗನ ಅಲ್ಲೇನ! ನಿಮ್ಮ ಅಜ್ಜಂದು. ಆಮಿ ಕಂಡ್ರ ಕೈ ಮುಗೀತೀವಿ, ಮುಟ್ಟೂದಿಲ್ಲ, ತಿನ್ನೂದಂತೂ ದೂರ ಉಳೀತು. ಹಂಗಾದ್ರ ಮಾಲಿನಿ ನಮ್ಮಾಕಿನ." ಬೆಡಗೆಂದರೆ ಅಜ್ಜಿಯ ಕಡೆ ಕುಲ. ಅಂದಿನಿಂದ ಅಜ್ಜಿ ತನ್ನ ಸಂಚಿಯಿಂದ ಚಿಟಿಕೆ ತಂಬಾಕು ಅವಳಿಗೆ ಕೊಡುವುದು, ಅವಳು ಅದನ್ನು ಹಿತ್ತಲಿನ ಬರ್ಚ್ ಮರದ ಬುಡಕ್ಕೆ ಇಟ್ಟು ಪ್ರಾರ್ಥನೆ ಮಾಡುವುದು ನಡೆಯಿತು. ಬಾಯಿಗೆ ಹಾಕಿಕೊಳ್ಳಬೇಕಾದ್ದನ್ನು ನೆಲಕ್ಕೆ ಚೆಲ್ಲುತ್ತಾಳೆಂದು ಅಜ್ಜಿಗೆ ಒಳಗೊಳಗೇ ಸಂಕಟ. ಆಮೆಯ ಬೆನ್ನಿನ ಮೇಲೆ ಹದಿಮೂರು ದೊಡ್ಡ ಬಿಲ್ಲೆ, ವರ್ಷಕ್ಕೆ ಹದಿಮೂರು ಚಂದ್ರ ಎಂದು ಮಾರ್ಲೀನ್ ಹೇಳಿದರೆ, ನಮಗೆ ಹನ್ನೆರಡೇ, ಆದರೆ ಅಧಿಕಮಾಸ ಬಂದ ವರ್ಷ ಹದಿಮೂರು ಎಂದು ಅಜ್ಜಿ ಬೆರಳು ಮಡಚಿ ತೋರಿಸುತ್ತಿದ್ದರು. ನಡುವೆ ನಿಂತು ಇಬ್ಬರ ಮಾತನ್ನೂ ದಾಟಿಸುತ್ತಿದ್ದವಳು ನಾನು. ನನ್ನ ಕನ್ನಡ ಉಳಿದದ್ದು ಅಲ್ಲಿಯೇ.

ಆಮೆ ಮನೆಗೆ ಬಂದದ್ದು ಆ ಚಳಿಗಾಲದ ಆರಂಭದಲ್ಲಿ. ಪಕ್ಕದ ಮನೆಯ ಮುದುಕಿ ಮಿಸೆಸ್ ಪಾರ್ ಚಳಿಗಾಲಕ್ಕೆ ಮಗಳ ಮನೆಗೆ ಹೋಗುವಾಗ, ಜೆರಾಲ್ಡ್ ಎಂಬ ತನ್ನ ಆಮೆಯನ್ನು ಮಾರ್ಲೀನಳಿಗೆ ಒಪ್ಪಿಸಿ ಹೋದರು. ಅಡುಗೆಮನೆಯ ಹಿಂದಿನ ಯುಟಿಲಿಟಿ ಕೋಣೆಯ ಪುಟ್ಟ ಫ್ರಿಜ್ಜಿಗೆ ಪೆಟ್ಟಿಗೆ ಹೋಯಿತು. ಮಾರ್ಲೀನ್ ನನ್ನನ್ನು ಎದುರಿಗೆ ಕೂರಿಸಿಕೊಂಡು ಹೇಳಿದ್ದಳು: ಬಾಗಿಲು ತೆರೆಯುವುದು ತನ್ನ ಕೆಲಸ, ನೀನು ಪೆಟ್ಟಿಗೆ ಮುಟ್ಟಬೇಡ, ನಡುಚಳಿಗಾಲದಲ್ಲಿ ಎಚ್ಚರವಾದರೆ ಅದು ಸಾಯಲೂಬಹುದು. ನನಗೆ ಚೆನ್ನಾಗಿ ಅರ್ಥವಾಗಿತ್ತು. ಮುಚ್ಚಿದ ಪೆಟ್ಟಿಗೆಯಲ್ಲಿ ಏನಿದೆಯೆಂದು ಅಜ್ಜಿಗೆ ಗೊತ್ತಿರಲಿಲ್ಲ, ಇದನ್ನು ನಾನು ಅವರಿಗೆ ದಾಟಿಸಲಿಲ್ಲ.

ಡಿಸೆಂಬರಿನ ಒಂದು ಬೆಳಿಗ್ಗೆ ನಾನು ಶಾಲೆಗೆ ಬೂಟು ಹಾಕುತ್ತಿದ್ದಾಗ ಅಮ್ಮ ಮೆಟ್ಟಿಲ ಮೇಲೆ ಕೂತುಬಿಟ್ಟರು. ಅವರ ನೈಟಿಯ ಮೇಲೆ ರಕ್ತ. ಅಮ್ಮ ನನ್ನನ್ನು ನೋಡಿ, "ಏನಿಲ್ಲ ಪುಟ್ಟಾ, ಅಪ್ಪನ್ನ ಕರಿ" ಎಂದರು. ಆ "ಏನಿಲ್ಲ" ನನ್ನ ಎದೆಯಲ್ಲಿ ಈಗಲೂ ಇದೆ. ಆಂಬುಲೆನ್ಸ್ ಬಂತು, ಹೋಯಿತು. ಜ್ವರದ ಕಾಲವೆಂದು ವಾರ್ಡಿಗೆ ಮಕ್ಕಳನ್ನು ಬಿಡುತ್ತಿರಲಿಲ್ಲ. ಅಪ್ಪ ಆಸ್ಪತ್ರೆಯಿಂದ ಕೆಲಸಕ್ಕೆ, ಕೆಲಸದಿಂದ ಆಸ್ಪತ್ರೆಗೆ ಓಡುತ್ತಿದ್ದರು; ಮನೆಗೆ ಬಂದಾಗ ನನ್ನ ತಲೆ ಸವರಿ, ಕಣ್ಣು ತಪ್ಪಿಸಿ ಸ್ನಾನಕ್ಕೆ ಹೋಗುತ್ತಿದ್ದರು. ಫೋನು ಹೊಡೆದುಕೊಂಡರೆ ಅಜ್ಜಿ ಕುಳಿತಲ್ಲೇ ಕಣ್ಣು ಮುಚ್ಚುತ್ತಿದ್ದರು, ನಾನು ಸೋಫಾದ ಹಿಂದೆ ಹೋಗಿ ಕಿವಿಗೆ ಬೆರಳಿಟ್ಟುಕೊಳ್ಳುತ್ತಿದ್ದೆ. ಯಾರೂ ನನಗೆ ಏನೂ ಹೇಳುತ್ತಿರಲಿಲ್ಲ, ಹಾಗಾಗಿ ನಾನು ಎಲ್ಲವನ್ನೂ ಊಹಿಸಿಕೊಂಡೆ.

ಇನ್ನೊಂದು ಮಾತು ಹೇಳಿಬಿಡಬೇಕು. ನನಗೆ ಆ ಮಗು ಬೇಡವಾಗಿತ್ತು. ನನ್ನ ಕೋಣೆಯಲ್ಲಿ ತೊಟ್ಟಿಲು ಬಂದಿತ್ತು, ನನ್ನ ಗೊಂಬೆಗಳು ಚೀಲಕ್ಕೆ ಹೋಗಿದ್ದವು, ಅಮ್ಮನ ಮಡಿಲಲ್ಲಿ ನನಗೆ ಜಾಗ ಇರಲಿಲ್ಲ. ಈಗ ಆ ಮಗುವೇ ಅಮ್ಮನನ್ನು ಒಳಗಿನಿಂದ ತಿನ್ನುತ್ತಿದೆ ಎಂದು ನಾನು ನಂಬಿದ್ದೆ.

ಅಮ್ಮ ಆಸ್ಪತ್ರೆಗೆ ಹೋಗಿ ಒಂದು ವಾರವಾಗಿರಬೇಕು. ಶಾಲೆಯಿಂದ ಬರುವಷ್ಟರಲ್ಲೇ ಹೊರಗೆ ಕತ್ತಲಾಗುವ ದಿನಗಳು. ಮಾಲಿನಿ ದಿನಾ ಆ ಸಣ್ಣ ಫ್ರಿಜ್ಜು ತೆರೆದು ಏನು ಪಿಸುಗುಡುತ್ತಾಳೆ ಎಂದು ಅಜ್ಜಿ ಕೇಳಿದರು. ನಾನು ತೋರಿಸಿದೆ. ಅಜ್ಜಿ ಕಾಗದದ ಚೂರು ಸರಿಸಿ ಒಳಗೆ ನೋಡಿದರು, ಎರಡು ಹೆಜ್ಜೆ ಹಿಂದೆ ಸರಿದು ಗೋಡೆ ಹಿಡಿದುಕೊಂಡರು. "ಅಯ್ಯ ಶಿವನ! ಕುಲದ ದೇವ್ರನ್ನ ಥಂಡಿ ಪೆಟಿಗ್ಯಾಗ ಹಾಕಿಟ್ಟು, ಮನಿಗೆ ಒಳ್ಳೇದಾಗಲಿ ಅಂದ್ರ ಹೆಂಗ ಆಕ್ಕೈತಿ? ಅದಕ್ಕ ನಿಮ್ಮವ್ವಗ ಹಿಂಗಾತು!" ಮುಟ್ಟಬಾರದ ಆಮೆಯನ್ನು ಎರಡೂ ಕೈಯಿಂದ ಎತ್ತಿ, ಕೌದಿಯಲ್ಲಿ ಸುತ್ತಿ, ರೇಡಿಯೇಟರಿನ ಪಕ್ಕ ಇಟ್ಟು, ಅದರ ಮುಂದೆ ಕೂತು ಅಜ್ಜಿ ಅಳತೊಡಗಿದರು. ನನಗೆ ಗೊತ್ತಿತ್ತು. ಅದನ್ನು ತಡೆಯಲು ಒಂದು ವಾಕ್ಯ ಸಾಕಾಗಿತ್ತು. ಆದರೆ ಅಜ್ಜಿ ಹೇಳಿದ್ದೇ ನಿಜವಾಗಿದ್ದರೆ? ಇದು ಬೆಚ್ಚಗಾದರೆ ಅಮ್ಮ ಬದುಕುವುದಾದರೆ? ಗಂಟೆಯೊಳಗೆ ಕೌದಿಯ ಅಂಚಿನಿಂದ ಚರ್ಮ ಸುಕ್ಕಾದ ಒಂದು ಕಾಲು ಹೊರಬಂದು ಗಾಳಿಯಲ್ಲಿ ತಡಕಾಡಿತು. ನಾನು ಚೀರಿಬಿಟ್ಟೆ.

ಮಾರ್ಲೀನ್ ಬಂದಾಗ ನಾನು ಮೊದಲು ಆಡಿದ ಮಾತು, "ಅಜ್ಜಿ ತೆಗೆದದ್ದು, ನನಗೆ ಗೊತ್ತೇ ಇರಲಿಲ್ಲ." ಅವಳು ಅಜ್ಜಿಯನ್ನು ಗದರಲಿಲ್ಲ, ನನ್ನನ್ನು ಮಾತ್ರ ಸ್ವಲ್ಪ ಹೊತ್ತು ನೋಡಿದಳು. ಫೋನು ಮಾಡಿ ಮಿಸೆಸ್ ಪಾರ್ ಅವರನ್ನು ವಿಚಾರಿಸಿದಳು. ಎಚ್ಚರವಾದದ್ದನ್ನು ಮತ್ತೆ ಮಲಗಿಸುವಂತಿಲ್ಲ. ದಿನಾ ಉಗುರುಬೆಚ್ಚಗಿನ ನೀರಿನಲ್ಲಿ ಕೂರಿಸಿ, ದೀಪದ ಶಾಖದಲ್ಲಿಟ್ಟು, ವಸಂತದವರೆಗೆ ಉಣ್ಣಿಸಬೇಕು. ಉಂಡರೆ ಉಳಿಯುತ್ತದೆ. ಅದು ಉಣ್ಣಲಿಲ್ಲ. ಮೊದಲ ದಿನ ಇಲ್ಲ, ಎರಡನೆಯ ದಿನ ಇಲ್ಲ, ನಾಲ್ಕನೆಯ ದಿನವೂ ಇಲ್ಲ. ಅಮ್ಮನೂ ಊಟ ಬಿಟ್ಟಿದ್ದಾಳೆಂದು ಅಪ್ಪ ಅಜ್ಜಿಗೆ ಹೇಳುವುದು ಬಾಗಿಲ ಸಂದಿಯಿಂದ ಕೇಳಿಸಿತು. ನನ್ನೊಳಗೆ ಅವರಿಬ್ಬರೂ ಒಂದೇ ಆಗಿಬಿಟ್ಟರು. ಆಮೆಯ ಕಣ್ಣು ಮುಚ್ಚಿದರೆ ಅಮ್ಮನ ಕಣ್ಣು ಮುಚ್ಚಿತು ಎಂದು ಉಸಿರು ಬಿಗಿಹಿಡಿದು, ಅದು ರೆಪ್ಪೆ ತೆಗೆಯುವವರೆಗೆ ಅಲ್ಲೇ ಕೂತಿರುತ್ತಿದ್ದೆ. ಶಾಲೆಯಲ್ಲಿ ಎರಡು ಸಲ ವಾಂತಿ ಮಾಡಿಕೊಂಡೆ.

ಐದನೆಯ ದಿನ, ಶನಿವಾರ, ಮಾರ್ಲೀನ್ ನನ್ನನ್ನು ದೀಪದ ಕೆಳಗಿದ್ದ ಆಮೆಯ ಎದುರು ಕೂರಿಸಿದಳು. ಆಮೆಯ ಮುಂದೆ ಸುಳ್ಳು ಹೇಳುವುದು ಕಷ್ಟ, ನಿಜ ಹೇಳಿದರೆ ಹಗುರಾಗುತ್ತದೆ, ಮನಸ್ಸಿಗೆ ಯಾವ ಭಾಷೆ ಹತ್ತಿರವೋ ಅದರಲ್ಲಿ ಹೇಳು ಎಂದಳು. ನಾನು ಮೊದಲು ಇಂಗ್ಲಿಷಿನಲ್ಲಿ, ಅವಳಿಗೇ, ನನಗೆ ಎಲ್ಲ ಗೊತ್ತಿತ್ತು ಎಂದು ಒಪ್ಪಿಕೊಂಡೆ. ಅವಳು ನನ್ನ ಬೆನ್ನು ಸವರಿ, "ಮೀಗ್ವೆಚ್" ಎಂದಳು. ಅವರ ಭಾಷೆಯಲ್ಲಿ ಅದು ಧನ್ಯವಾದ. ಉಳಿದದ್ದನ್ನು ಅವಳಿಗೆ ತಿಳಿಯದಿರಲೆಂದು ಆಮೆಯ ಹತ್ತಿರ ಬಾಗಿ ಕನ್ನಡದಲ್ಲಿ ಹೇಳಿದೆ. ಕನ್ನಡದಲ್ಲಿ ನಾನು ಬೇಡಿಕೊಂಡ ಮೊದಲ ಮಾತು ಅದು. "ಅಮ್ಮನ್ನ ಕಳ್ಸು. ಅಮ್ಮ ಒಬ್ಬಳೇ ಬಂದ್ರೂ ಸಾಕು." ನನ್ನ ಬೆನ್ನ ಹಿಂದೆ ಅಜ್ಜಿ ಬೆಳ್ಳುಳ್ಳಿ ಸುಲಿಯುತ್ತ ಕೂತಿದ್ದರು.

ಮರುದಿನ ಮಧ್ಯಾಹ್ನ ಅಜ್ಜಿ ಇಟ್ಟ ಮೆಂತ್ಯದ ಸೊಪ್ಪಿನ ಎಸಳನ್ನು ಆಮೆ ಕಚ್ಚಿತು. ಕಚ್ಚಿ, ಯೋಚಿಸಿ, ನುಂಗಿತು. ನಾನು ಕುಣಿದಾಡಿದೆ. ಸಂಜೆಯಾಗುವ ಮೊದಲೇ ಫೋನು ಬಂತು. ಅಮ್ಮ ಅಪಾಯದಿಂದ ಪಾರಾಗಿದ್ದರು. ಮಗು, ಗಂಡುಮಗು, ಉಳಿಯಲಿಲ್ಲ. ಅಮ್ಮ ಒಬ್ಬಳೇ ಬರುತ್ತಾಳೆ ಎಂದು ಅಪ್ಪ ಫೋನಿನಲ್ಲಿ ಅಜ್ಜಿಗೆ ಹೇಳಿದ್ದು ಪಕ್ಕದಲ್ಲಿದ್ದ ನನಗೂ ಕೇಳಿಸಿತು. ಆ ಮಾತು ನನ್ನದು. ನಾನು ಆಡಿದ ಹಾಗೆಯೇ, ಪದ ಕೂಡ ಬದಲಾಗದೆ ನಡೆದಿತ್ತು. ದೀಪದ ಕೆಳಗೆ ಆಮೆ ಇನ್ನೊಂದು ಎಸಳು ಅಗಿಯುತ್ತಿತ್ತು. ಆ ಕ್ಷಣದಿಂದ ನನಗೆ ಅದರ ಭಯ.

ಅಜ್ಜಿ ವೀಸಾ ಮುಗಿದು ಊರಿಗೆ ಹೋದರು, ಹೋಗುವಾಗ ಕೌದಿಯನ್ನು ಆಮೆಗೇ ಬಿಟ್ಟರು. ಮಾರ್ಲೀನ್ ಓದು ಮುಗಿಸಿ ತನ್ನ ಸರೋವರಕ್ಕೆ ಮರಳಿದಳು. ಮೊದಮೊದಲು ಪತ್ರ ಬರುತ್ತಿತ್ತು, ಆಮೇಲೆ ನಿಂತಿತು. ಮಿಸೆಸ್ ಪಾರ್ ಮಗಳ ಮನೆಯಲ್ಲೇ ಉಳಿದರು, ಆಮೆ ನಮಗುಳಿಯಿತು. ನಾವು ಊರು ಬದಲಿಸಿ ಸೊಲಿಹಲ್‌ಗೆ ಹೋದೆವು. ಅಲ್ಲಿ ಮನೆ ದೊಡ್ಡದು, ತಲೆಯ ಮೇಲೆ ವಿಮಾನ ಇಲ್ಲ, ಆದರೂ ಅಮ್ಮ ಮಾತಿನ ನಡುವೆ ನಿಲ್ಲಿಸುತ್ತಿದ್ದರು ಮತ್ತು ಮುಂದುವರಿಸುತ್ತಿರಲಿಲ್ಲ. ಮನೆಯಲ್ಲಿ ಯಾರೂ ಆ ಮಗುವಿನ ಮಾತೆತ್ತಲಿಲ್ಲ. ನಿಮ್ಮ ಮನೆಯಲ್ಲೂ ಯಾರೂ ಎತ್ತದ ಮಾತೊಂದು ಇದ್ದರೆ ಅದರ ಭಾರ ನಿಮಗೆ ಗೊತ್ತು. ನಾನಂತೂ ದೊಡ್ಡವಳಾಗುತ್ತ ಏನನ್ನೂ ಬೇಡಿಕೊಳ್ಳುವುದನ್ನೇ ಬಿಟ್ಟೆ. ಪರೀಕ್ಷೆಗೂ ಇಲ್ಲ, ಜ್ವರಕ್ಕೂ ಇಲ್ಲ. ಕೇಳಿದ್ದು ಸಿಕ್ಕಿಬಿಟ್ಟರೆ ಎಂಬ ಹೆದರಿಕೆ.

ನನಗೆ ಹದಿನೆಂಟು ತುಂಬಿದಾಗ ಊರಿಗೆ ಅಜ್ಜಿಯನ್ನು ನೋಡಲು ಹೋದೆ. ಚಿಕ್ಕಪ್ಪನ ಮನೆಯ ಪಡಸಾಲೆಯಲ್ಲಿ ಮಂಚದ ಮೇಲೆ ಕೂತಿದ್ದರು, ಸಂಚಿ ಪಕ್ಕದಲ್ಲೇ. ಆಮೆ ಹೇಗಿದೆ ಎಂದು ಕೇಳಿದರು. ಕಣ್ಣು ತಪ್ಪಿಸಿ ಚೆನ್ನಾಗಿದೆ ಎಂದೆ. ಅಜ್ಜಿ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು.

"ಅವತ್ತ ನೀ ಅದರ ಮುಂದ ಏನ್ ಬೇಡ್ಕೊಂಡಿ, ನಂಗ ಕೇಳಿಸಿತ್ತವ್ವಾ. ನಿನ್ನ ಹಿಂದನ ನಾನೂ ಬೇಡ್ಕೊಂಡೆ, ಇಬ್ಬರನ್ನೂ ಕೊಡಪಾ ಅಂತ. ಐವತ್ತ ವರ್ಷ ಕೈ ಮುಗದಾಕಿ ನಾನು. ನನ್ನ ಮಾತ ಕೇಳದ್ದು ನಿನ್ನ ಮಾತ ಕೇಳ್ತಿತ್ತೇನ, ಹುಚ್ಚಿ?"

ನಾನು ಅವರ ತೊಡೆಯ ಮೇಲೆ ತಲೆಯಿಟ್ಟು ಅತ್ತೆ. ಅಜ್ಜಿ ಅಡಿಕೆ ಕತ್ತರಿಸುತ್ತ ಕೂತರು. ಮುಂದಿನ ಬೇಸಿಗೆಗೆ ಅವರಿರಲಿಲ್ಲ.

ಈಗ ಲೀಡ್ಸ್‌ನಲ್ಲಿ ಆಮೆಯ ಫ್ರಿಜ್ಜಿನ ಕೆಳಗೆ ಆ ಕೌದಿಯನ್ನು ಮಡಚಿ ಹಾಕಿದ್ದೇನೆ. ಅಜ್ಜಿ ಹೇಳಿದ್ದು ನಿಜವೆಂದು ಬುದ್ಧಿಗೆ ಗೊತ್ತು, ಭಯ ಪೂರ್ತಿ ಹೋಗಿಲ್ಲ. ದಿನಾ ಬಾಗಿಲು ತೆರೆಯುತ್ತೇನೆ, ಆ ತಣ್ಣನೆಯ ಮಣ್ಣಿನ ವಾಸನೆ ಬರುತ್ತದೆ, ಇಪ್ಪತ್ತರವರೆಗೆ ಎಣಿಸುತ್ತೇನೆ. ಮುಚ್ಚುವ ಮುಂಚೆ, ಪೆಟ್ಟಿಗೆಯ ಹತ್ತಿರ ಬಾಗಿ, ಕನ್ನಡದಲ್ಲಿ, ಅಂದು ಅಜ್ಜಿ ಬೇಡಿಕೊಂಡ ಹಾಗೆ, ಇಬ್ಬರನ್ನೂ ಕೊಡು ಎಂದು ಕೇಳುತ್ತೇನೆ.