ದೊಡ್ಡಣ್ಣನ ಎಲೆ

"ನಮ್ಮದು ಊಟ ಆಯ್ತು" ಎಂಬ ಮಾತು ನನಗೆ ಆಗಿಬರುವುದಿಲ್ಲ. ನಿಜವಾಗಿ ಉಂಡು ಬಂದವರು ಹೇಳಿದರೆ ಎಂತ ತೊಂದರೆಯೂ ಇಲ್ಲ. ಆದರೆ ಮಲ್ಪೆ ಹತ್ತಿರದ ನಮ್ಮ ಮನೆಗೆ ಬರುತ್ತಿದ್ದ ಕೆಲವರು ಅದನ್ನು ಹೊಟ್ಟೆ ಬೆನ್ನಿಗೆ ಹತ್ತಿದ್ದಾಗಲೂ ಹೇಳುತ್ತಿದ್ದರು. ನಮ್ಮದು ಮೀನು ಮಾರುವ ಮನೆ. ಅಮ್ಮನ ಕೈಯ ನೀರೂ ಕುಡಿಯದವರು ಜಗಲಿಯಲ್ಲಿ ಕೂತು ನಗುನಗುತ್ತಾ ಮಾತಾಡಿ, ಏಳುವಾಗ "ಒಂದು ಎಳನೀರು ಇದ್ದರೆ ಸಾಕು" ಎನ್ನುತ್ತಿದ್ದರು. ಎಳನೀರಿಗೆ, ಸಿಪ್ಪೆಯಿರುವ ಬಾಳೆಹಣ್ಣಿಗೆ ಮೈಲಿಗೆ ಇಲ್ಲವಲ್ಲ. ಅಮ್ಮ ಕೆತ್ತಿ ಕೊಡುತ್ತಿದ್ದಳು. ಅವರು ಗೇಟು ದಾಟಿದ ಮೇಲೆ ನಮಗೆ ಹೇಳುತ್ತಿದ್ದಳು: ಯಾರ ಮನೆಗೆ ಹೋದರೂ, ಹೊಟ್ಟೆ ತುಂಬಿದ್ದರೂ, ಒಂದು ತುತ್ತು ಉಂಡು ಬನ್ನಿ, ಆ ಮಾತು ಮಾತ್ರ ನಿಮ್ಮ ಬಾಯಲ್ಲಿ ಬರಕೂಡದು. ಇಷ್ಟು ವರ್ಷ ನನ್ನ ಬಾಯಲ್ಲಿ ಅದು ಬಂದಿರಲಿಲ್ಲ.

ನಾವೀಗ ಇರುವುದು ಜರ್ಮನಿಯ ಎರ್ಲಾಂಗೆನ್‌ನಲ್ಲಿ. ಬಂದ ಹೊಸತರಲ್ಲಿ ನಮಗೆ ಮನೆ ಹುಡುಕಿಕೊಟ್ಟವರು ಇಲ್ಲಿಯ ಕನ್ನಡ ಸಂಘದ ಅಧ್ಯಕ್ಷರು. ಮೈಸೂರು ಕಡೆಯವರು, ನಮಗಿಂತ ತುಂಬ ಹಿರಿಯರು. ಆನ್‌ಮೆಲ್ಡುಂಗ್, ಅಂದರೆ ವಿಳಾಸದ ನೋಂದಣಿ, ಮಾಡಿಸಲು ಆಫೀಸಿಗೆ ಜೊತೆಗೆ ಬಂದರು, ತಮ್ಮ ಹಳೆ ಸೈಕಲ್ ಕೊಟ್ಟರು, ನನ್ನ ಗಂಡನಿಗೆ ಜ್ವರ ಬಂದಾಗ ಅವರ ಹೆಂಡತಿ ತಿಳಿಸಾರು ಮಾಡಿ ಕಳಿಸಿದರು. ಅದನ್ನೆಲ್ಲ ಮರೆಯುವಷ್ಟು ಕೆಟ್ಟವಳಲ್ಲ ನಾನು. ಅದಕ್ಕೇ ಸಿಟ್ಟು ಇನ್ನೂ ಜಾಸ್ತಿ.

ಅವರು ಸಂಘದಲ್ಲಿ ಯಾವಾಗಲೂ ಹೇಳುವ ಒಂದು ಕತೆ ಉಂಟು. ಅವರ ಕೆಳಗಿನ ಮನೆಯ ಜರ್ಮನ್ ಅಜ್ಜಿ ಇವರ ಒಗ್ಗರಣೆ ವಾಸನೆ ತಡೆಯಲಾಗದೆ, ಮೆಟ್ಟಿಲ ಬಾಗಿಲಿಗೆ ಎಲ್ಲರಿಗೂ ಕಾಣುವ ಹಾಗೆ ಒಂದು ಚೀಟಿ ಅಂಟಿಸಿದ್ದಳಂತೆ. ದಯವಿಟ್ಟು ಕಿಟಕಿ ತೆರೆದಿಟ್ಟು ಅಡಿಗೆ ಮಾಡಿ ಅಂತ. "ನಮ್ಮ ಅನ್ನಕ್ಕೆ ಮೂಗು ಮುಚ್ಚಿಕೊಂಡರೆ ಮುಖಕ್ಕೆ ಉಗಿದ ಹಾಗೇ ಅಲ್ವೇನಮ್ಮ" ಎನ್ನುವಾಗ ಅವರು ಕನ್ನಡಕ ತೆಗೆದು ಕಣ್ಣು ಒರೆಸಿಕೊಳ್ಳುತ್ತಿದ್ದರು. ಮೊದಲ ಸಲ ಕೇಳಿದಾಗ ನಾನೂ ಕಣ್ಣು ಒರೆಸಿಕೊಂಡಿದ್ದೆ.

ಕಳೆದ ಚಳಿಗಾಲದಲ್ಲಿ ಎರಡೂ ಮನೆಯವರು ಕೆರಿಬಿಯನ್ ಕಡೆ ಹೋಗುವ ಅಂತ ತೀರ್ಮಾನ ಆಯಿತು. ಇಲ್ಲಿ ಬಿಸಿಲು ಕಾಣದೆ ಎಲ್ಲರ ಮುಖವೂ ಬಿಳಿಚಿಕೊಂಡಿತ್ತು. ದೊಡ್ಡ ಹೋಟೆಲು ಬೇಡ, ಒಂದು ಸಣ್ಣ ಕಡಲೂರು ಸಾಕು ಎಂದು ಹಟ ಹಿಡಿದವಳು ನಾನು. ಇಂಟರ್‌ನೆಟ್‌ನಲ್ಲಿ ಹುಡುಕಿ ಒಂದು ಮನೆಯ ಮಹಡಿ ಹಿಡಿದೆ. ಕೆಳಗೆ ಯಜಮಾನಿ ಅಜ್ಜಿ ಮತ್ತು ಅವಳ ಮಗಳು, ಮೇಲಿನ ಕೋಣೆಗಳು ಬಾಡಿಗೆಗೆ. ವಿಡಿಯೋದಲ್ಲಿ ಮಾತಾಡುವಾಗ ಅಜ್ಜಿ ಮಗಳನ್ನು ದೂಡಿ ಮುಂದೆ ಬಂದಳು. ನೀನು ಅಲ್ಲಿಯೇ ಹುಟ್ಟಿದವಳಾ, ಇಂಡಿಯಾದಲ್ಲಿ, ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಹೌದು ಅಂದೆ. ಆಮೇಲೆ ಅವಳು ತನ್ನ ಮನೆತನದ ಕತೆ ಹೇಳಿದಳು.

ಅವಳ ಅಜ್ಜ ಕಬ್ಬಿನ ಗದ್ದೆಯ ಕೂಲಿಗೆಂದು ಮದ್ರಾಸಿನ ಬಂದರಿನಿಂದ ಹಡಗು ಹತ್ತಿದವನು. ಜೊತೆಗೆ ಅವನ ಅಣ್ಣನೂ ಹೊರಟಿದ್ದ. ಹಡಗು ಬಿಡುವ ಮೊದಲು ತಮ್ಮನಿಗೆ ಹಸಿವಾಗುತ್ತದೆ ಅಂತ ಅಣ್ಣ ಅನ್ನ ತರಲು ಕೆಳಗಿಳಿದ. ಅವನು ಬರುವ ಮೊದಲೇ ಹಡಗು ಬಿಟ್ಟಿತು. ಅಷ್ಟೇ, ಇಬ್ಬರೂ ಮತ್ತೆ ಸಿಗಲಿಲ್ಲ. ಅಜ್ಜ ಬದುಕಿದ್ದಷ್ಟು ಕಾಲ ವರ್ಷಕ್ಕೊಮ್ಮೆ ಬಂಧುಗಳನ್ನು ಕರೆದು ಬಾಳೆಲೆ ಊಟ ಹಾಕುತ್ತಿದ್ದ. ಸಾಲಿನ ತುದಿಗೆ, ಕಡಲಿಗೆ ಮುಖ ಮಾಡಿ, ಒಂದು ದೊಡ್ಡ ಎಲೆ ಅಣ್ಣನಿಗೆ; ಮನೆಯವರೆಲ್ಲ ಅದನ್ನು ದೊಡ್ಡಣ್ಣನ ಎಲೆ ಎನ್ನುತ್ತಾರೆ. ಅವನು ಉಣ್ಣದೆ ಹೋದವನು, ಬಂದರೆ ಹಸಿದು ಬರುತ್ತಾನೆ ಎನ್ನುತ್ತಿದ್ದನಂತೆ. ಅಜ್ಜ ಹೋದ ಮೇಲೆ ಅಪ್ಪ ಹಾಕಿದ, ಅಪ್ಪನ ನಂತರ ಇವಳು. ಊಟ ಮುಗಿದ ಮೇಲೆ ಯಾರೂ ಮುಟ್ಟದ ಆ ಎಲೆಯನ್ನು ಕಡಲಿಗೆ ಬಿಡುತ್ತಾರೆ.

"ನೀವು ಆ ದಿನಕ್ಕೆ ಬನ್ನಿ" ಅಂದಳು ಅಜ್ಜಿ. "ನಿಮ್ಮಲ್ಲಿ ಹಿರಿಯರು ಯಾರಾದರೂ ಆ ಎಲೆಯಲ್ಲಿ ಕೂತು ಉಣ್ಣಲಿ. ಆ ನೆಲದವರು ಒಬ್ಬರು ಉಂಡರೆ ಅವನೇ ಉಂಡ ಹಾಗೆ. ನಾನು ಸಾಯುವ ಮೊದಲು ಒಂದು ಸಲ." ನಮ್ಮ ಜೊತೆ ಬರುವ ಹಿರಿಯರು ಮೀನು ಮಾಂಸ ಮುಟ್ಟುವವರಲ್ಲ ಅಂದೆ. ಅದಕ್ಕೇನಂತೆ, ಬೇರೆಯೇ ಬೇಯಿಸುತ್ತೇನೆ ಅಂದಳು. ನಾನು ಅಧ್ಯಕ್ಷರಿಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. "ನಮ್ಮ ಭಾಗ್ಯ ಕಣಮ್ಮ, ಖಂಡಿತ ಕೂತ್ಕೋತೀನಿ" ಅಂದರು. ಟಿಕೆಟ್ಟನ್ನು ಆ ದಿನಕ್ಕೆ ಹೊಂದಿಸಿಯೇ ಮಾಡಿದ್ದು.

ಊರು ನೋಡಿ ನನಗೆ ಮಲ್ಪೆಗೇ ಬಂದ ಹಾಗಾಯಿತು ಮಾರಾಯ್ರೆ. ಒಂದೇ ರಸ್ತೆ, ಅದರ ಒಂದು ಪಕ್ಕ ತಗಡಿನ ಮಾಡಿನ ಮನೆಗಳು, ಇನ್ನೊಂದು ಪಕ್ಕ ಕಡಲು. ಬಣ್ಣದ ದೋಣಿಗಳು, ಬಲೆ ಹೊಲಿಯುವ ಗಂಡಸರು, ಚೌಕಾಶಿ ಮಾಡುವ ಹೆಂಗಸರು, ಅಂಗಳದಲ್ಲಿ ಹಲಸಿನ ಜಾತಿಯ ಜೀಗುಜ್ಜೆ ಮರ. ಅಜ್ಜಿಯ ಮನೆಯ ಎದುರೇ ಮೀನು ಇಳಿಸುವ ಜಾಗ. ಅಮ್ಮ ಇದ್ದಿದ್ದರೆ ಚಪ್ಪಲಿ ಬಿಟ್ಟು ನೇರ ಅಲ್ಲಿಗೇ ನಡೆಯುತ್ತಿದ್ದಳು. ಅಧ್ಯಕ್ಷರ ಹೆಂಡತಿ ಕಾರಿನಿಂದ ಇಳಿದದ್ದೇ ಮೂಗಿಗೆ ಕರವಸ್ತ್ರ ಹಿಡಿದರು. ಅವರ ಸೂಟ್‌ಕೇಸಿನಲ್ಲಿ ಕುಕ್ಕರ್, ಅಕ್ಕಿ, ರವೆ, ಪುಳಿಯೋಗರೆ ಗೊಜ್ಜು ಎಲ್ಲ ಇತ್ತು. ಎರಡು ಹೊತ್ತೂ ಮೇಲೆ ಕೋಣೆಯಲ್ಲೇ ಅಡಿಗೆ. ಇರಲಿ, ಅವರವರ ಅಭ್ಯಾಸ ಅಂದುಕೊಂಡೆ. ಆ ಒಂದು ದಿನ ಕೆಳಗೆ ಉಂಡರೆ ಸಾಕಿತ್ತು.

ಆ ದಿನ ಬೆಳಿಗ್ಗೆ ನಾನು ಕೆಳಗಿಳಿದಾಗ ಅಜ್ಜಿ ಅಂಗಳದಲ್ಲಿ ಮೂರು ಕಲ್ಲು ಹೂಡಿ ಒಲೆ ಮಾಡಿದ್ದಳು. ಒಳಗಿನ ಒಲೆಯಲ್ಲಿ ಮೀನು ಬೇಯುತ್ತದಲ್ಲ, ಅದಕ್ಕೆ. ಪಾತ್ರೆಗಳು ಹೊಸತು, ಒಂದರ ಬುಡದಲ್ಲಿ ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡಿತ್ತು. ಬಿಸಿನೀರು ಹಾಕಿ ಅದನ್ನು ಕೆರೆದು ತೆಗೆದದ್ದು ನಾನೇ. ಇಬ್ಬರೂ ಕೂತು ಕುಂಬಳಕಾಯಿ ಹೆಚ್ಚಿದೆವು. ಅವಳು ಬೇಳೆಗೆ ಒಗ್ಗರಣೆ ಹಾಕಿದ್ದು ನೋಡಿದರೆ ಯಾರೂ ಬೇರೆ ದೇಶದವಳು ಅನ್ನುವ ಹಾಗಿರಲಿಲ್ಲ. ಉಪ್ಪು ಸರಿ ಉಂಟಾ ನೋಡು, ಅವರಿಗೆ ಇಷ್ಟ ಆಗಬೇಕು, ಎಂದು ಮತ್ತೆ ಮತ್ತೆ ಕೇಳಿದಳು. ಅಷ್ಟರಲ್ಲಿ ಮಹಡಿಯಿಂದ ಪುಳಿಯೋಗರೆಯ ಪರಿಮಳ ಬಂತು. ನನಗೆ ಆಗಲೇ ಗೊತ್ತಾಗಬೇಕಿತ್ತು.

ಮಧ್ಯಾಹ್ನ ಎಲೆ ಹಾಕಿದರು. ಅಧ್ಯಕ್ಷರು ಜರಿ ಶಲ್ಯ ಹೊದ್ದು ಬಂದರು. ತುದಿಯ ದೊಡ್ಡ ಎಲೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು, ಫೋನನ್ನು ನನ್ನ ಗಂಡನ ಕೈಗೆ ಕೊಟ್ಟು, ಕೈ ಮುಗಿದರು. ಅಜ್ಜಿ ಬಡಿಸಿದಳು. ಅನ್ನ, ಬೇಳೆ, ಕುಂಬಳಕಾಯಿ, ಮಾವಿನಕಾಯಿ ಉಪ್ಪಿನಕಾಯಿ. ಫೋಟೋ ಚೆನ್ನಾಗಿ ಬಂತಾ ಎಂದು ಕೇಳಿ, ಬಂತು ಎಂದ ಮೇಲೆ, ಅವರು ಎದ್ದರು. ಇಂಗ್ಲಿಷಿನಲ್ಲಿ ಬಹಳ ನಯವಾಗಿ ಹೇಳಿದರು: "ಕ್ಷಮಿಸಿ ತಾಯಿ, ನಮ್ಮದು ಊಟ ಆಗಿದೆ. ಒಂದು ಎಳನೀರು ಇದ್ದರೆ ಸಾಕು."

ಭೂಮಿಯ ಇನ್ನೊಂದು ಬದಿಗೆ ಹೋದರೂ ಅದೇ ಮಾತು, ಅದೇ ಎಳನೀರು. ನನ್ನ ಮೈಯೆಲ್ಲ ಉರಿದುಹೋಯಿತು.

"ಸರ್, ಒಂದು ತುತ್ತು ಬಾಯಿಗೆ ಹಾಕಿ. ನಿಮಗಾಗಿ ಹೊಸ ಪಾತ್ರೆ ತಂದಿದ್ದಾರೆ" ಅಂದೆ ಕನ್ನಡದಲ್ಲಿ.

"ಪಾತ್ರೆ ಹೊಸದಾದ್ರೆ ಕೈ ಹೊಸದಾಗುತ್ತೇನಮ್ಮ? ಬೆಳಗಾದ್ರೆ ಮೀನು ಮುಟ್ಟೋ ಕೈ ಅದು. ನಮಗೆ ಸೇರಲ್ಲ. ಬೇಜಾರಾಗದ ಹಾಗೆ ಹೇಳಿದೀನಲ್ಲ, ಬಿಡು."

ಅವರು ಅದನ್ನು ನನಗೆ ಹೇಳಿದರು. ನನ್ನ ಅಮ್ಮನ ಕೈ ಎಂತ ಮುಟ್ಟುತ್ತಿತ್ತು ಎಂದು ಗೊತ್ತಿದ್ದೂ ಹೇಳಿದರೋ, ಮರೆತು ಹೇಳಿದರೋ, ನನಗೆ ಇವತ್ತಿಗೂ ತಿಳಿಯದು. ಎರಡರಲ್ಲಿ ಯಾವುದೂ ಕ್ಷಮಿಸುವಂಥದ್ದಲ್ಲ. ನನ್ನ ಗಂಡ ಮೆಲ್ಲಗೆ "ಬಿಡು ಮಾರಾಯ್ತಿ, ಇಲ್ಲಿ ಜಗಳ ಬೇಡ" ಅಂದ.

ಅಜ್ಜಿ ನನ್ನನ್ನು ಕೇಳಿದಳು, "ಅವರಿಗೆ ಹಸಿವಿಲ್ಲವಾ?" ನಾನು ಆ ಎಲೆಯಲ್ಲಿ ಕೂರುತ್ತೇನೆ ಅಂದೆ. ಅವಳು ನನ್ನ ಬೆನ್ನು ತಟ್ಟಿ, ಅದು ದೊಡ್ಡಣ್ಣನದು, ಅಲ್ಲಿ ಹಿರಿಯರೇ ಕೂರಬೇಕು, ನಿನ್ನದು ಇಲ್ಲಿ ಉಂಟಲ್ಲ ಅಂದಳು. ಆಮೇಲೆ ತಾನೇ ಕತ್ತಿ ತಂದು ಎಳನೀರು ಕೆತ್ತಿದಳು. ನಾನು ಸಿಟ್ಟಿನಲ್ಲೇ ಉಂಡೆ, ಎಲೆ ಖಾಲಿ ಮಾಡಿದೆ, ಮತ್ತೆ ಬಡಿಸಿಕೊಂಡೆ. ನನ್ನ ಗಂಡನೂ ತಲೆ ಎತ್ತದೆ ಉಂಡ. ಸಂಜೆ ಅಜ್ಜಿಯ ಮಗಳು ದೊಡ್ಡ ಎಲೆಯನ್ನು ಹಾಗೆಯೇ ಎತ್ತಿಕೊಂಡು ಹೋಗಿ, ಯಾವಾಗಿನ ಹಾಗೆ, ಕಡಲಿಗೆ ಬಿಟ್ಟಳು.

ವಾಪಸು ಬಂದ ಮೇಲೆ ಸಂಘದ ಯುಗಾದಿ. ಬಾಡಿಗೆ ಸಭಾಂಗಣದ ಗೋಡೆಯ ಮೇಲೆ ಅಧ್ಯಕ್ಷರು ಪ್ರವಾಸದ ಫೋಟೋ ತೋರಿಸಿದರು. ಕಡಲು, ದೋಣಿ, ಮತ್ತೆ ಆ ಫೋಟೋ. ಶಲ್ಯ ಹೊದ್ದು, ತುಂಬಿದ ಎಲೆಯ ಮುಂದೆ ಕೈ ಮುಗಿದು ಕೂತಿದ್ದಾರೆ. "ಏಳು ಸಮುದ್ರದ ಆಚೆ ನಮ್ಮ ಸಂಸ್ಕೃತಿ ಉಳಿದಿದೆ ನೋಡಿ. ಆ ತಾಯಿ ಎಷ್ಟು ಪ್ರೀತಿಯಿಂದ ಬಡಿಸಿದರು ಅಂತೀರಿ" ಅಂದರು. ಜನ ಚಪ್ಪಾಳೆ ತಟ್ಟಿದರು. ನನ್ನ ಗಂಡ ನನ್ನ ಕೈ ಹಿಡಿದ. ನಾನು ಬಿಡಿಸಿಕೊಂಡು ಎದ್ದೆ.

"ಬಡಿಸಿದ್ದು ಹೌದು. ನೀವು ಉಂಡದ್ದು ಹೌದಾ ಸರ್?"

ಅವರು ನಕ್ಕರು. "ಊಟ ಆಗಿತ್ತಲ್ಲಮ್ಮ ನಮ್ಮದು."

"ನಿಮ್ಮ ಕೆಳಗಿನ ಮನೆಯ ಅಜ್ಜಿ ಒಂದು ಚೀಟಿ ಅಂಟಿಸಿದ್ದಕ್ಕೆ ನೀವು ಇಷ್ಟು ವರ್ಷ ಅಳುತ್ತಾ ಇದ್ದೀರಿ. ಕಿಟಕಿ ತೆರೆಯಿರಿ ಅಂತ ಮಾತ್ರ ಬರೆದಿದ್ದಳು ಅವಳು. ನೀವು ಎದುರು ಕೂತು, ಫೋಟೋ ತೆಗೆಸಿಕೊಂಡು, ಎಲೆ ಬಿಟ್ಟು ಎದ್ದಿರಿ. ಆ ಜರ್ಮನ್ ಅಜ್ಜಿಯೇ ನಿಮಗಿಂತ ವಾಸಿ."

ಯಾರೋ ಹಿಂದಿನಿಂದ, ಹಬ್ಬದ ದಿನ ಇದೆಲ್ಲ ಯಾಕೆ, ಮಕ್ಕಳಿಗೆ ಹಸಿವಾಗಿದೆ, ಊಟಕ್ಕೆ ಏಳುವ ಅಂದರು. ಎಲ್ಲರೂ ಎದ್ದು ತಟ್ಟೆ ಹಿಡಿದು ಸಾಲು ನಿಂತರು. ನಾನು ಸೈಕಲ್ ಹತ್ತಿ ಮನೆಗೆ ಬಂದೆ. ಈಗ ಸಂಘದಲ್ಲಿ ನನಗೆ ಬಾಯಿ ಜೋರು ಎಂಬ ಹೆಸರು ಬಂದಿದೆ. ಬರಲಿ.

ಕಳೆದ ವಾರ ಆ ಅಜ್ಜಿಯ ಮಗಳ ಸಂದೇಶ ಬಂತು. ಈ ವರ್ಷದ ಊಟದ ಫೋಟೋ ಕಳಿಸಿದ್ದಳು. ಸಾಲಾಗಿ ಎಲೆಗಳು, ನೆಂಟರು, ಜೀಗುಜ್ಜೆ ಮರ. ತುದಿಯಲ್ಲಿ ದೊಡ್ಡ ಎಲೆ ಇರಲಿಲ್ಲ. ಕೆಳಗೆ ಬರೆದಿದ್ದಳು: "ಅಮ್ಮ ಈ ಸಲ ದೊಡ್ಡಣ್ಣನ ಎಲೆ ಹಾಕಲಿಲ್ಲ. ಯಾಕೆ ಅಂತ ಕೇಳಿದೆ. ಹೋದ ವರ್ಷ ಬಂದಿದ್ದರಲ್ಲ, ಅವರ ಊಟ ಆಗಿದೆಯಂತೆ, ದೊಡ್ಡಣ್ಣನೂ ಉಂಡ ಹಾಗೇ, ಇನ್ನು ಕಾಯುವುದು ಬೇಡ ಅಂದಳು. ಅವಳಿಗೆ ಈಗ ಹುಷಾರಿಲ್ಲ, ಹಾಸಿಗೆ ಹಿಡಿದಿದ್ದಾಳೆ. ನಿನ್ನ ಹತ್ತಿರ ಒಂದು ಮಾತು ಕೇಳು ಅನ್ನುತ್ತಿದ್ದಾಳೆ. ಅವರು ನಿಜವಾಗಿ ಹೊಟ್ಟೆ ತುಂಬ ಉಂಡಿದ್ದರಾ?"

ನಾನು ಫೋನ್ ಹಿಡಿದು ಅಡಿಗೆ ಕೋಣೆಯಲ್ಲಿ ನಿಂತೆ. ಅವರು ಸುಳ್ಳು ಹೇಳಿದರು, ನಿನ್ನ ಕೈಗೆ ಹೇಸಿ ಎದ್ದರು, ಎಲೆ ಹಾಕು, ನಾನು ಬರುತ್ತೇನೆ ಎಂದು ಬರೆದೆ. ಹಾಸಿಗೆಯಲ್ಲಿ ಮಲಗಿದವಳಿಗೆ ಮಗಳು ಅದನ್ನು ಓದಿ ಹೇಳುವುದನ್ನು ನೆನೆಸಿ ಅಳಿಸಿದೆ. ಮತ್ತೆ ಬರೆದೆ, ಮತ್ತೆ ಅಳಿಸಿದೆ. ಆ ಮನುಷ್ಯ ಕೋಣೆಯಲ್ಲಿ ಪುಳಿಯೋಗರೆ ಉಂಡು ಆರಾಮಾಗಿದ್ದಾನೆ, ಅವನ ಎಂಜಲು ಮಾತು ಎತ್ತುವ ಕೆಲಸ ನನಗೆ ಬಂತು. ಆ ಮಾತು ಬಾಯಲ್ಲಿ ಬರಕೂಡದು ಎಂದಿದ್ದ ನನ್ನ ಅಮ್ಮನಿಗೆ ಎಂತ ಹೇಳಲಿ ನಾನು.

ಹೌದು ಅಜ್ಜಿ, ಅವರ ಊಟ ಆಗಿತ್ತು, ಎಂದು ಬರೆದು ಕಳಿಸಿದೆ.