ಬಿಟ್ಟುಹೋದ ಕಂತುಗಳ ವರ್ಷ

ಸ್ವಲ್ಪ ಕಾಯಿರಿ, ಈ ವರ್ಷ ಓದಿದ ಕಾದಂಬರಿಗಳ ವಿಷಯಕ್ಕೆ ಬಂದೇ ಬರುತ್ತೇನೆ. ಅದಕ್ಕೆ ಮೊದಲು ಮೈದಾ ಅಂಟಿನ ವಾಸನೆಯ ಬಗ್ಗೆ ನಿಮಗೆ ಹೇಳಲೇಬೇಕು. ಒಣಗಿ ಎಷ್ಟೋ ವರ್ಷವಾದ ಮೇಲೂ ಹಳೆಯ ಬೈಂಡಿನ ಬೆನ್ನಿನಿಂದ ಏಳುವ, ಹುಳಿಬಂದ ಹಿಟ್ಟಿಗೂ ಒದ್ದೆ ಗೋಡೆಗೂ ನಡುವಿನದೊಂದು ವಾಸನೆ ಅದು. ಯಡಿಯೂರಿನ ನಮ್ಮ ಮನೆಯಲ್ಲಿ ಅಜ್ಜಿಯ ಮಂಚದ ಕೆಳಗಿನ ಟ್ರಂಕನ್ನು ಎಳೆದಾಗಲೆಲ್ಲ ಕೋಣೆಯ ತುಂಬ ಹರಡುತ್ತದೆ. ನನ್ನ ಈ ವರ್ಷದ ಓದೆಲ್ಲ ಆ ಟ್ರಂಕಿನೊಳಗಿನದೇ. ಹೊಸ ಪುಸ್ತಕಗಳ ಬಗ್ಗೆ ಏನಾದರೂ ಸಿಕ್ಕೀತೆಂದು ಬಂದವರು ಬೇಸರಿಸಬೇಡಿ.

ಅಜ್ಜಿ, ಅಂದರೆ ನಮ್ಮಪ್ಪನ ತಾಯಿ, ವಾರಪತ್ರಿಕೆಗಳಲ್ಲಿ ಬರುತ್ತಿದ್ದ ಧಾರಾವಾಹಿಗಳನ್ನು ವಾರವಾರವೂ ಕತ್ತರಿಸಿಟ್ಟು, ಕಥೆ ಮುಗಿದ ಮೇಲೆ ಗಾಂಧಿಬಜಾರಿನ ಕಡೆ ಕೊಟ್ಟು ಬೈಂಡ್ ಮಾಡಿಸುತ್ತಿದ್ದವರು. ಹಾಗಾಗಿ ಈ ಪುಸ್ತಕಗಳಿಗೆ ಎರಡು ಮುಖ. ಎಡಪುಟದಲ್ಲಿ ನಾಯಕಿ ಕಣ್ಣೊರೆಸಿಕೊಳ್ಳುತ್ತಿದ್ದರೆ ಬಲಪುಟದಲ್ಲಿ ಕೂದಲೆಣ್ಣೆಯ ಜಾಹೀರಾತು, ಇಲ್ಲವೇ ಕತ್ತರಿಗೆ ಸಿಕ್ಕಿ ಅರ್ಧವಾದ ಹಾಗಲಕಾಯಿ ಗೊಜ್ಜು. ಅಂಥ ಗೊಜ್ಜೊಂದನ್ನು ಅಮ್ಮ ಮಾಡಿ ನೋಡಿದರು. ಬೆಲ್ಲ ಹಾಕಬೇಕೆಂಬುದು ಕತ್ತರಿಯ ಆಚೆ ಉಳಿದುಹೋಗಿತ್ತೆಂದು ತಿಂದ ಮೇಲೆ ಗೊತ್ತಾಯಿತು.

ಕಳೆದ ವರ್ಷ ಅಜ್ಜಿ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡರು. ಅಂದಿನಿಂದ ಮನೆಯ ಕೆಲಸಕ್ಕೆ ಹೊತ್ತುಗೊತ್ತೆಂಬುದಿಲ್ಲ. ಅಪ್ಪನಿಗೆ ಹುಬ್ಬಳ್ಳಿಯಲ್ಲಿ ಕೆಲಸ, ತಿಂಗಳಿಗೊಮ್ಮೆ ಬರುತ್ತಾರೆ. ನನಗೆ ಬಿಟಿಎಂ ಲೇಔಟಿನ ಒಂದು ಆಫೀಸಿನಲ್ಲಿ ದಿನವಿಡೀ ಫೋನಿನಲ್ಲಿ ಅಪರಿಚಿತರನ್ನು ಸಮಾಧಾನಪಡಿಸುವ ಕೆಲಸ. ಉಳಿದದ್ದೆಲ್ಲ ಅಮ್ಮನದು: ಅಜ್ಜಿಯನ್ನು ಎಬ್ಬಿಸುವುದು, ಸ್ನಾನ, ಬಟ್ಟೆ, ಊಟ, ಮತ್ತೆ ಮಲಗಿಸುವುದು. ಅರಸೀಕೆರೆಯಲ್ಲಿರುವ ತಮ್ಮ ಅಣ್ಣನ ಮನೆಗೆ ಒಂದು ವಾರ ಹೋಗಿಬರಬೇಕೆಂದು ಅಮ್ಮ ಯುಗಾದಿಯಿಂದ ಹೇಳುತ್ತಿದ್ದರು, ಮಾವ ಫೋನು ಮಾಡಿದಾಗಲೆಲ್ಲ ಮುಂದಿನ ತಿಂಗಳು ಎನ್ನುತ್ತಿದ್ದರು. ಬೇರೆ ಯಾರ ಕೈಯಲ್ಲೂ ಸ್ನಾನ ಮಾಡಿಸಿಕೊಳ್ಳಲು ಅಜ್ಜಿ ಒಪ್ಪುತ್ತಿರಲಿಲ್ಲ. ಗೊತ್ತುಮಾಡಿದ್ದ ಹೆಂಗಸನ್ನು ಎರಡನೇ ದಿನವೇ ಕಳಿಸಿಬಿಟ್ಟಿದ್ದರು.

ಅಜ್ಜಿಗೆ ಈಗ ಅಕ್ಷರ ಕಾಣುವುದಿಲ್ಲ. ಸಂಜೆ ಆಫೀಸಿನಿಂದ ಬಂದು, ಬಸ್ಸಿನ ಧೂಳನ್ನು ಮುಖದಿಂದ ತೊಳೆದುಕೊಂಡು, ನಾನು ಗಟ್ಟಿಯಾಗಿ ಓದುತ್ತೇನೆ. ಅಡುಗೆಮನೆಯಲ್ಲಿ ಅಮ್ಮ ನಲ್ಲಿಯನ್ನು ಸಣ್ಣಗೆ ಬಿಟ್ಟುಕೊಂಡು ಪಾತ್ರೆ ತೊಳೆಯುತ್ತ ಕೇಳುತ್ತಾರೆ. ಶಾಲೆಯಲ್ಲಿ ನನಗೆ ಕನ್ನಡ ಎರಡನೇ ಭಾಷೆ, ಓದಿದ್ದು ಕಾಮರ್ಸ್. ಕಾದಂಬರಿಯನ್ನು ಹೇಗೆ ಓದಬೇಕೆಂದು ಯಾರೂ ಕಲಿಸಿದವರಿಲ್ಲ. ಆದ್ದರಿಂದ ನನ್ನ ಅಭಿಪ್ರಾಯಗಳನ್ನು ಪಕ್ಕದ ಸೀಟಿನ ಗೆಳತಿಯ ಮಾತಿನಷ್ಟೇ ನೆಚ್ಚಿಕೊಳ್ಳಿ.

ಮೊದಲು ಓದಿದ್ದು ಬೆಂಗಳೂರಿಗೆ ಬಂದು ತಾರಸಿಯ ಮೇಲಿನ ಕೋಣೆ ಹಿಡಿದ ಟೈಪಿಸ್ಟ್ ಹುಡುಗಿಯ ಕಥೆ. ಅವಳು ಒಂದು ಸೀಮೆಎಣ್ಣೆ ಸ್ಟೌ ಕೊಳ್ಳುವುದಕ್ಕೇ ಒಂದು ಇಡೀ ಕಂತು ಹಿಡಿಯುತ್ತದೆ. ಅದು ನನಗೆ ಎಷ್ಟು ಇಷ್ಟವಾಯಿತೆಂದರೆ, ಮುಂದೆ ಅವಳಿಗೆ ಪ್ರೇಮ ಒದಗಿಬಂದಾಗ ಸ್ಟೌ ಏನಾಯಿತೋ ಎಂಬುದೇ ನನ್ನ ಚಿಂತೆಯಾಗಿತ್ತು. ಎರಡನೆಯದರಲ್ಲಿ ಅಕ್ಕತಂಗಿಯರಿಬ್ಬರು ಒಂದೇ ಮನೆಯ ಸೊಸೆಯರಾಗಿ ಹೋಗುತ್ತಾರೆ. ಅಕ್ಕ ಎಲ್ಲರನ್ನೂ ಎಲ್ಲದಕ್ಕೂ ಕ್ಷಮಿಸುತ್ತಾಳೆ. ಅವಳ ಕ್ಷಮೆಯನ್ನು ಓದಿ ಓದಿ ನನಗೇ ಮೈಕೈ ನೋವು ಬಂತು. ಮೂರನೆಯದು ಡಾಕ್ಟರೊಬ್ಬರ ಮನೆಯಲ್ಲಿ ಬೆಳೆದ ಅನಾಥ ಹುಡುಗಿಯದು. ಅದರ ನಾಯಕ ಪ್ರತಿ ಕಂತಿನಲ್ಲೂ ಕಿಟಕಿಯ ಬಳಿ ನಿಂತು ಸಿಗರೇಟು ಹಚ್ಚುತ್ತಾನೆ. ನನಗೆ ಅವನನ್ನು ಕಂಡರಾಗದು, ಅಜ್ಜಿಗೆ ಅವನ ಹೆಸರು ಬಂದರೆ ಈಗಲೂ ಸೆರಗು ಸರಿಮಾಡಿಕೊಳ್ಳುವಷ್ಟು ಸಂಕೋಚ.

ಈ ಕಥೆಗಳನ್ನು ಒಟ್ಟಿಗೆ ಓದುವುದು ದಣಿವಿನ ಕೆಲಸವೆಂಬುದು ನನಗೆ ತಡವಾಗಿ ತಿಳಿಯಿತು. ವಾರಕ್ಕೊಂದರಂತೆ ಬರೆದವು ಇವು. ಕೆಲವೇ ಪುಟಗಳಿಗೊಮ್ಮೆ ಯಾರಾದರೂ ಬಾಗಿಲು ಬಡಿಯಲೇಬೇಕು, ಕಾಗದ ಬರಲೇಬೇಕು, ಯಾರಿಗಾದರೂ ತಲೆ ಸುತ್ತಲೇಬೇಕು, ಆಮೇಲೆ ಪುಟದ ಕೊನೆಯಲ್ಲಿ ಕಂಸದೊಳಗೆ 'ಸಶೇಷ' ಎಂಬೊಂದು ಪದ. ಇನ್ನೂ ಉಳಿದಿದೆ ಎಂದು ಅದರ ಅರ್ಥ. ಅಂದು ಒಂದು ವಾರ ಕಾಯುತ್ತಿದ್ದ ಅಜ್ಜಿಗೆ ಅದು ಆಸೆಯಾಗಿದ್ದಿರಬೇಕು. ನನಗೋ, ಅದು ಸಿಂಕಿನಲ್ಲಿ ಮತ್ತೆ ಬಿದ್ದ ಲೋಟದಂತೆ ಕಾಣಿಸತೊಡಗಿತು. ಯಾರಾದರೂ ಫೋನು ಮಾಡಿ ಏನು ವಿಶೇಷ ಎಂದು ಕೇಳಿದರೆ ಅಮ್ಮ ಏನೂ ವಿಶೇಷ ಇಲ್ಲ ಎನ್ನುತ್ತಾರಲ್ಲ, ಅದು ನಿಜ. ನಮ್ಮ ಮನೆಯಲ್ಲಿ ವಿಶೇಷವೇನೂ ಇರಲಿಲ್ಲ, ಎಲ್ಲ ಸಶೇಷವೇ.

ಇನ್ನು ಕಂತುಗಳ ವಿಷಯ. ಒಂದೊಂದು ಪುಸ್ತಕದಲ್ಲೂ ಅಲ್ಲಲ್ಲಿ ಕಂತು ಇಲ್ಲ. ಟೈಪಿಸ್ಟ್ ಹುಡುಗಿ ಬಸ್‌ಸ್ಟಾಪಿನಲ್ಲಿ ಯಾರನ್ನೋ ನೋಡಿ ಬೆಚ್ಚಿಬೀಳುತ್ತಾಳೆ, ಸಶೇಷ; ಪುಟ ತಿರುಗಿಸಿದರೆ ಆರಾಮವಾಗಿ ಕಾಫಿ ಕುಡಿಯುತ್ತಿದ್ದಾಳೆ. ನಡುವೆ ಏನಾಯಿತೆಂದು ಅಜ್ಜಿಯನ್ನು ಕೇಳಿದರೆ, ಆ ವಾರ ಅವಳು ತವರಿಗೆ ಹೋಗಿದ್ದಳು, ಏನೂ ಆಗಲಿಲ್ಲ, ಮುಂದೆ ಓದು ಎಂದರು. ನಂಬಿದೆ. ಅಕ್ಕತಂಗಿಯರ ಕಥೆಯಲ್ಲಿ ಕಂತು ಹಾರಿಹೋದಾಗಲೂ ಅಕ್ಕ ತವರಿಗೆ ಹೋಗಿದ್ದಳಂತೆ. ಅಲ್ಲಿ ಅವಳಮ್ಮ ತಲೆಗೆ ಎಣ್ಣೆ ಹಚ್ಚಿದಳಂತೆ, ಮಗಳನ್ನು ಹೊತ್ತೇರುವ ತನಕ ಮಲಗಲು ಬಿಟ್ಟಳಂತೆ, ಬಿಸಿ ಹುಳಿಯನ್ನ ಬಡಿಸಿದಳಂತೆ. ಕಾದಂಬರಿಯಲ್ಲಿ ಬೇರೆಲ್ಲೂ ಕಾಣದ ನಿಧಾನ ಅಜ್ಜಿ ಹೇಳುವ ಆ ವಾರದಲ್ಲಿತ್ತು. ನಲ್ಲಿ ನಿಲ್ಲಿಸಿ ಅಮ್ಮನೂ ಕೇಳುತ್ತಿದ್ದರು.

ಅನಾಥ ಹುಡುಗಿಯ ಕಥೆಯಲ್ಲೂ ಒಂದು ಕಂತು ಇರಲಿಲ್ಲ. ತವರಿಗೆ ಹೋಗಿದ್ದಳು ಎಂದರು ಅಜ್ಜಿ.

"ಅವ್ಳು ಅನಾಥೆ ಅಜ್ಜಿ. ತವರು ಎಲ್ಲಿಂದ ಬಂತು?"

"ಅನಾಥೆ ಆದ್ರೆ ಸುಸ್ತಾಗಲ್ವೇನೇ? ಯಾರ್ದೋ ಮನೆಗ್ ಹೋಗಿದ್ಲು. ನಿಂಗ್ಯಾಕೆ, ಓದು."

ಅಡುಗೆಮನೆಯಿಂದ ಅಮ್ಮ ನಗುತ್ತ ಬಂದರು. ಕೈ ಒರೆಸಿಕೊಳ್ಳುತ್ತ ನಿಜ ಸಂಗತಿ ಹೇಳಿದರು. ತವರಿಗೆ ಹೋಗುತ್ತಿದ್ದುದು ಕಥೆಯ ಹೆಂಗಸರಲ್ಲ, ಅಜ್ಜಿಯೇ. ಅವರು ಮನೆಯಲ್ಲಿಲ್ಲದ ವಾರ ಪತ್ರಿಕೆಯನ್ನು ತೆಗೆದಿಡಲು ತಾತನಿಗೆ ನೆನಪಿರುತ್ತಿರಲಿಲ್ಲವಂತೆ. ಅದು ಯಾರ ಮನೆಗೋ ಹೋಗುತ್ತಿತ್ತು, ಇಲ್ಲವೇ ರದ್ದಿಗೆ. ಅಜ್ಜಿ ಅಲ್ಲಗಳೆಯಲಿಲ್ಲ. ಒಂದು ಸಲ ಹೋದರೆ ಒಂದು ಕಂತು ಹೋಗುತ್ತಿತ್ತು, ವಾಪಸು ಬಂದು ಯಾರನ್ನಾದರೂ ಕೇಳಿ ತಿಳಿದುಕೊಳ್ಳಬಹುದಿತ್ತು, ಕೇಳಲಿಲ್ಲ ಎಂದರು. ಆ ವಾರ ತಾವು ಸುಖವಾಗಿದ್ದಾಗ ಆ ಹುಡುಗಿಯರಿಗೆ ಕಷ್ಟ ಬಂದಿತ್ತೆಂದು ನೆನೆಯಲು ಅವರಿಗೆ ಮನಸ್ಸಾಗಿರಲಿಲ್ಲವಂತೆ.

ಹೊಸ ಕಾದಂಬರಿ ಓದುವವರು ಪಾತ್ರಗಳ ನೋವನ್ನು ತಾವೂ ಅನುಭವಿಸಿದೆವೆಂದು ಬರೆಯುವುದನ್ನು ಕಂಡಿದ್ದೇನೆ, ನಾನೂ ಹಾಗೆ ಬರೆದಿದ್ದೇನೆ. ತಮ್ಮ ಸುಖದಲ್ಲಿ ಪಾತ್ರಕ್ಕೂ ಒಂದು ಪಾಲು ಎತ್ತಿಟ್ಟ ಓದುಗರನ್ನು ಮಾತ್ರ ಅಜ್ಜಿಯ ಹೊರತು ನಾನು ಕಂಡಿಲ್ಲ. ಹೀಗೆಲ್ಲ ಯೋಚಿಸುತ್ತ ಕೂತಿದ್ದಾಗ ಅಮ್ಮನ ಕಡೆ ನೋಡಿದೆ. ಅವರು ಮಂಚದ ಅಂಚಿನಲ್ಲಿ ಕೂತು ಒದ್ದೆ ಬೆರಳುಗಳನ್ನು ಒಂದೊಂದಾಗಿ ಒತ್ತಿಕೊಳ್ಳುತ್ತಿದ್ದರು. ಅಜ್ಜಿಗೆ ಅಕ್ಷರ ಕಾಣದಿದ್ದರೂ ಅದು ಕಂಡಿತೆಂದು ತೋರುತ್ತದೆ.

"ಸುಮಾ, ನೀನು ಹೋದ್ ಸಲ ಅರಸೀಕೆರೆಗೆ ಹೋಗಿದ್ದು ಯಾವಾಗ?"

ನಾನು ಹೋದರೆ ನಿಮ್ಮ ಸ್ನಾನ ಯಾರು ಮಾಡಿಸುವುದು ಎಂದಷ್ಟೇ ಅಮ್ಮ ಕೇಳಿದರು, ಅದೂ ದೂರಿನಂತಲ್ಲ, ನಾಳೆ ತಿಂಡಿಗೇನೆಂದು ಕೇಳಿದಂತೆ.

"ಇವ್ಳಿದಾಳಲ್ಲ. ಬಿದ್ರೆ ಇಬ್ರೂ ಬೀಳ್ತೀವಿ. ಹೋಗ್ಬಾ, ಒಂದ್ ಕಂತು ಹೋದ್ರೆ ಹೋಗ್ಲಿ."

ಮಾರನೆಯ ದಿನ ಆಫೀಸಿನಲ್ಲಿ ಒಂದು ವಾರ ರಜೆ ಕೇಳಿದೆ. ಕಾರಣವೇನೆಂದರು. ಅಮ್ಮ ತವರಿಗೆ ಹೋಗುತ್ತಿದ್ದಾರೆ ಎಂದೆ. ನಮ್ಮ ಮೇಲಧಿಕಾರಿ ಉತ್ತರ ಕರ್ನಾಟಕದ ಕಡೆಯವನು, ಬಿಟಿಎಂನಲ್ಲೇ ರೂಮು ಮಾಡಿಕೊಂಡಿರುವ ಹುಡುಗ. "ಹೋಗಿ ಬರ್ಲಿ ತಗೋರಿ" ಎಂದು ಸಹಿ ಹಾಕಿದ.

ಆ ವಾರ ನಾನು ಏನನ್ನೂ ಓದಲಿಲ್ಲ. ಮೊದಲ ದಿನ ಬಚ್ಚಲಲ್ಲಿ ಅಜ್ಜಿ ನನ್ನ ಭುಜವನ್ನು ಹಿಡಿದ ಹಿಡಿತಕ್ಕೆ ಉಗುರಿನ ಗುರುತು ಮೂಡಿತ್ತು. ಕ್ರಮೇಣ ಅದು ಸಡಿಲವಾಯಿತು. ಸಾರಿಗೆ ಎರಡು ಸಲ ಉಪ್ಪು ಹಾಕಿದೆ, ಹಾಲು ಉಕ್ಕಿಸಿದೆ, ಸಂಜೆಯಾದರೆ ಅಜ್ಜಿ ಮಂಚದ ಮೇಲೆ, ನಾನು ಕೆಳಗೆ ಚಾಪೆಯಲ್ಲಿ, ಇಬ್ಬರೂ ಮಾತಿಲ್ಲದೆ ಬಿದ್ದುಕೊಳ್ಳುತ್ತಿದ್ದೆವು. ಡಾಕ್ಟರ ಮನೆಯ ಹುಡುಗಿ ಬಾಗಿಲು ಬಡಿದ ಸದ್ದಿಗೆ ಕಿವಿಗೊಟ್ಟು ನಿಂತವಳು ಹಾಗೆಯೇ ಕಪಾಟಿನ ಮೇಲೆ ಬೋರಲಿಟ್ಟ ಪುಸ್ತಕದಲ್ಲಿ ಕಾಯುತ್ತಿದ್ದಳು. ಅಮ್ಮ ಇಷ್ಟು ದಿನ ಇದನ್ನೆಲ್ಲ ಮಾಡಿ ಅದರ ಮೇಲೆ ಕಥೆಯನ್ನೂ ಕೇಳುತ್ತಿದ್ದರಲ್ಲ ಎಂಬುದು ನನಗೆ ಯಾವ ಕಾದಂಬರಿಯೂ ಹೇಳದ ಸಂಗತಿ.

ಅಮ್ಮ ವಾಪಸು ಬಂದರು. ತಲೆಯಲ್ಲಿ ಎಣ್ಣೆಯಿತ್ತು, ಅರಸೀಕೆರೆಯ ಅತ್ತೆ ಹಚ್ಚಿದ್ದಂತೆ. ಬ್ಯಾಗಿನಿಂದ ಕೊಬ್ಬರಿ ಮಿಠಾಯಿ ತೆಗೆದಿಡುತ್ತ, ಕಥೆ ಎಲ್ಲಿಯವರೆಗೆ ಬಂತೆಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅಜ್ಜಿ ಹೇಳಿದರು:

"ನೀನ್ ಇರ್ಲಿಲ್ವಲ್ಲ. ಏನೂ ಆಗ್ಲಿಲ್ಲ."

ಹೀಗಾಗಿ ಈ ವರ್ಷದ ನನ್ನ ಓದಿನಲ್ಲಿ ಒಂದು ವಾರ ಖಾಲಿಯಿದೆ, ಅದನ್ನು ತುಂಬಿಸುವ ಯೋಚನೆಯಿಲ್ಲ. ದಣಿವು ಹೋಯಿತೆಂದು ಸುಳ್ಳು ಹೇಳಲಾರೆ. ಈಗಲೂ ಅಮ್ಮ ಪಾತ್ರೆ ತೊಳೆಯುತ್ತಿದ್ದಾರೆ, ನನಗೆ ಬೆಳಗ್ಗೆ ಬಸ್ಸು ಹಿಡಿಯಬೇಕು. ಸ್ನಾನ ಮಾತ್ರ ಈಗ ಒಂದು ದಿನ ಅವರದು, ಒಂದು ದಿನ ನನ್ನದು. ಇದನ್ನು ಬರೆಯಲೆಂದು ಟ್ರಂಕನ್ನು ಎಳೆದಾಗ ಎದ್ದ ಮೈದಾ ಅಂಟಿನ ವಾಸನೆಯಲ್ಲಿ ಈ ಸಲ ನನಗೆ ಸ್ವಲ್ಪ ಹರಳೆಣ್ಣೆಯ ವಾಸನೆಯೂ ಬೆರೆತಂತಿತ್ತು. ಅಜ್ಜಿಯ ತಲೆಗೆ ಹಚ್ಚಿ ಬಂದ ನನ್ನ ಕೈಯದೇ ಇರಬೇಕು. ನಿಮ್ಮ ಮನೆಯಲ್ಲೂ ಇಂಥ ಬೈಂಡು ಪುಸ್ತಕಗಳಿದ್ದರೆ ತೆರೆದು ನೋಡಿ, ಎಲ್ಲಿ ಕಂತು ಬಿಟ್ಟುಹೋಗಿದೆ, ಆ ವಾರ ನಿಮ್ಮವರು ಎಲ್ಲಿಗೆ ಹೋಗಿದ್ದರು ಎಂದು ಕೇಳಿ. ಅವರು ಹೇಳಿದ್ದನ್ನು ನನಗೂ ಬರೆದು ತಿಳಿಸಿ. ಸಂಜೆ ಅಜ್ಜಿಗೆ ಓದಿ ಹೇಳುತ್ತೇನೆ.