ಡೆಲ್ಮರನ ಶನಿವಾರದ ಎಂಜಿನ್

ಡೆಲ್ಮರನಿಗೆ ಗೆಳೆಯ ವೆಂಡೆಲ್‌ನ ಮಕ್ಕಳ ಹೆಸರು ನೆನಪಿರುತ್ತಿರಲಿಲ್ಲ. ಆದರೆ ಬೀದಿಯಲ್ಲಿ ಹೋದ ಕಾರಿನ ಸದ್ದಿನಿಂದಲೇ ಯಾವ ಸಿಲಿಂಡರ್ ಕೈಕೊಟ್ಟಿದೆಯೆಂದು ಚರ್ಚಿನೊಳಗೆ ಕೂತು ಹೇಳಿಬಿಡುತ್ತಿದ್ದ. ಎಲ್ ಮಿರಾಜ್‌ನ ಒಣಕೆರೆಯ ಮೇಲಿನ ವೇಗದ ಓಟಗಳಲ್ಲಿ ವೆಂಡೆಲ್ ಕಾರು ಓಡಿಸಿ ನಿಲ್ಲಿಸಿದೊಡನೆ ಡೆಲ್ಮರ ಧೂಳಿನಲ್ಲಿ ಓಡಿಬಂದು, ವೇಗ ಎಷ್ಟೆಂದೂ ಕೇಳದೆ, ಸುಡುವ ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ ಬಣ್ಣ ನೋಡುತ್ತಿದ್ದ. ಹದವಾಗಿ ಉರಿದು ಕಂದುಬಣ್ಣವಾಗಿದ್ದರೆ ಎಂಜಿನ್ ಕಟ್ಟಿದ ತನ್ನ ಜಾಣತನ, ಅತಿಯಾಗಿ ಕಾದು ಬಿಳಿಚಿಕೊಂಡಿದ್ದರೆ ಓಡಿಸಿದ ವೆಂಡೆಲ್‌ನ ತಪ್ಪು. “ಆಕ್ಸಿಲರೇಟರ್ ಮೇಲಿಟ್ಟಿದ್ದು ಕಾಲೋ, ಕಬ್ಬಿಣದ ಗೂಟವೋ? ಎಂಜಿನ್ ಸುಟ್ಟುಹಾಕ್ತೀಯಲ್ಲೋ!” ಎಂದು ಬೈದರೆ ವೆಂಡೆಲ್ ಬಿಡುತ್ತಿರಲಿಲ್ಲ: “ನೀನು ಸುಡೋ ಮಾಂಸಕ್ಕಿಂತ ರುಚಿಯಾಗೇ ಇರುತ್ತೆ ಬಿಡೋ!” ಜೊತೆಗಾರರು ಒಬ್ಬೊಬ್ಬರೇ ತೀರಿಕೊಂಡು, ಓಟಗಳು ನಿಂತ ಮೇಲೂ ಪ್ರತಿ ಶನಿವಾರ ಬೆಳಿಗ್ಗೆ ವೆಂಡೆಲ್‌ಗೆ ಡೆಲ್ಮರನ ಫೋನು ಬರುತ್ತಿತ್ತು. “ಅಳತೆ ತಪ್ಪಿದೆ ಕಣೋ, ಎಂಜಿನ್ ಮೇಲಿನ ಹೆಡ್ ಮತ್ತೆ ಬಿಚ್ಚಿದೀನಿ. ಕೂರಿಸೋಕೆ ಇನ್ನೆರಡು ಕೈ ಬೇಕು, ಶೆಡ್ಡಿಗೆ ಬಾ.” ಒಂದು ಎಂಜಿನ್‌ಗೆ ಕಟ್ಟೋಕೆ ಆರು ವರ್ಷವೇ ಎಂದು ಗೊಣಗುತ್ತಲೇ ವೆಂಡೆಲ್ ಹೋಗುತ್ತಿದ್ದ. ಡೆಲ್ಮರನನ್ನು ಮಣ್ಣು ಮಾಡಿ ಬಂದ ದಿನ ಅವನ ಮಗಳು ಶೆಡ್ಡಿನ ಬೀಗ ತೆಗೆದಳು. “ಅಳತೆ ಯಾವತ್ತೂ ತಪ್ಪಿರಲಿಲ್ಲ ಅಂಕಲ್. ಶುಕ್ರವಾರ ಬಂತು ಅಂದ್ರೆ ಸುಮ್ನೆ ಬಿಚ್ಚಿಡ್ತಿದ್ರು, ನೀವು ಬರ್ಲಿ ಅಂತ.” ಹಿಂದಿನ ಶನಿವಾರ ಸೊಂಟನೋವೆಂದು ಸುಳ್ಳು ಹೇಳಿ ಮನೆಯಲ್ಲೇ ಉಳಿದಿದ್ದ ವೆಂಡೆಲ್, ಹೆಡ್ ಬಿಚ್ಚಿಟ್ಟಂತೆಯೇ ಬಿದ್ದಿದ್ದ ಆ ಎಂಜಿನ್ನಿನ ಮುಂದೆ ಕೋಟು ಕಳಚಿ, ಅಂಗಿಯ ತೋಳು ಮಡಿಸಿದ.